ರಾತ್ರಿಯ ಲೆಕ್ಕ

ಪ್ರಾಸ್ಟೇಟ್ ಔಷಧಗಳ ಕುರಿತ ಈ ವಿಚಾರ ಸಂಕಿರಣದಲ್ಲಿ ಆಶಯದ ಮಾತು ಆಡಲು ಒಪ್ಪಿದ್ದಕ್ಕೆ ಕಾರಣ ಒಂದೇ. ಇದೇ ಊರಿನ ಶಹಾಬಜಾರದಲ್ಲಿ ಮೂವತ್ತು ವರ್ಷ ರೋಗಿಗಳನ್ನು ನೋಡಿದ ಮೇಲೆ ನನಗೆ ಖಾತ್ರಿಯಾಗಿದೆ: ನಾವು ಸ್ಕ್ಯಾನ್ ರಿಪೋರ್ಟಿಗೆ ಔಷಧ ಕೊಡುತ್ತಿದ್ದೇವೆ.

ರೋಗಿ ಕೂಡುವ ಮೊದಲೇ ಕ್ಯಾರಿಬ್ಯಾಗಿನಿಂದ ರಿಪೋರ್ಟ್ ತೆಗೆದು ಮೇಜಿನ ಮೇಲಿಡುತ್ತಾನೆ. ‘ಗ್ರೇಡ್ ಟೂ ಅಂತ್ರಿ ಸಾಹೇಬ್ರ, ಗಡ್ಡಿ ಬೆಳದದಂತ.’ ಕಾಲ್ಮಡಿಗೆ ತ್ರಾಸ ಅದ ಏನ್ರೀ ಎಂದರೆ ‘ಏನೂ ಇಲ್ರಿ’ ಎನ್ನುತ್ತಾನೆ. ಅಷ್ಟರಲ್ಲಿ ಟ್ಯಾಮ್ಸುಲೋಸಿನ್ ಶುರುವಾಗಿ ಆರು ತಿಂಗಳಾಗಿರುತ್ತದೆ. ನಿಲ್ಲಿಸುವುದು ಯಾವಾಗ ಎಂದು ಯಾರೂ ಹೇಳಿರುವುದಿಲ್ಲ.

ಆ ಮಾತ್ರೆ ಮೂತ್ರಕೋಶದ ಕೊರಳಿನ ಬಿಗಿ ಸಡಿಲಿಸುತ್ತದೆ, ಗ್ರಂಥಿಯನ್ನು ಕುಗ್ಗಿಸುವುದಿಲ್ಲ. ಕುಗ್ಗಿಸುವುದು ಫಿನಾಸ್ಟೆರೈಡ್, ಅದಕ್ಕೆ ಆರು ತಿಂಗಳು ಕಾಯಬೇಕು, ಜೊತೆಗೆ ರಕ್ತದ ಪಿಎಸ್‌ಎ ಅರ್ಧಕ್ಕಿಳಿಯುತ್ತದೆಂದು ಚೀಟಿಯಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ನಾಳೆ ಕ್ಯಾನ್ಸರ್ ಕಣ್ತಪ್ಪಬಹುದು. ಎರಡನ್ನೂ ಕೂಡಿಸಿ ಕೊಟ್ಟರೆ ರೋಗ ಮುಂದುವರಿಯುವ ಸಂಭವ ಶೇ. 66ರಷ್ಟು ತಗ್ಗುತ್ತದೆಂದು ಈ ವರ್ಗದ ಔಷಧಗಳ ಬಗ್ಗೆ 3,047 ಜನರ ಮೇಲೆ ನಡೆದ 2003ರ ಅಮೆರಿಕದ ಅಧ್ಯಯನ ತೋರಿಸಿತು. ಮಧ್ಯಾಹ್ನ ಅದನ್ನು ಬಿಡಿಸಿ ಹೇಳುವವರು ಇಲ್ಲೇ ಕುಳಿತಿದ್ದಾರೆ. ನಾನು ನೆನಪಿಸುವುದು ಇಷ್ಟೇ: ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು ತ್ರಾಸು ಇದ್ದವರನ್ನು.

ಇಷ್ಟು ವರ್ಷ ನನ್ನನ್ನು ಕಾಡಿದ ಪ್ರಶ್ನೆ ಇದು. ತೊಂಬತ್ತು ಗ್ರಾಂ ಗ್ರಂಥಿ ಇದ್ದವನು ಆರಾಮಾಗಿ ಮಲಗುತ್ತಾನೆ, ಇಪ್ಪತ್ತೈದು ಗ್ರಾಮಿನವನು ನಾಲ್ಕು ಸಲ ಏಳುತ್ತಾನೆ. ಯಾಕೆ? ಗ್ರಂಥಿ ಒಳಗೆ ಎಲ್ಲಿ ಬೆಳೆಯುತ್ತದೆ ಎಂಬುದನ್ನು ಮೆಕ್‌ನೀಲ್ 1978ರಲ್ಲೇ ತೋರಿಸಿಕೊಟ್ಟರು. ಮೂತ್ರಕೋಶದ ಸ್ನಾಯುವನ್ನೂ ಅಲ್ಲಿಂದೀಚೆಗೆ ಬಹಳ ಜನ ಶೋಧಿಸಿದರು. ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಗಾತ್ರ ನೋಡಿ ಯಾವ ಮಾತ್ರೆ ಎಂದು ಆರಿಸಬಹುದು. ಮಾತ್ರೆ ಬೇಕೋ ಬೇಡವೋ ಎಂಬುದನ್ನು ರೋಗಿಯನ್ನೇ ಕೇಳಬೇಕು.

ಕಮಲಾಪುರದ ಕಡೆಯ ನಿವೃತ್ತ ಮಾಸ್ತರರೊಬ್ಬರಿಗೆ ನಾನೇ ಹನ್ನೊಂದು ತಿಂಗಳು ಟ್ಯಾಮ್ಸುಲೋಸಿನ್ ಕೊಟ್ಟಿದ್ದೆ. ಆದರೂ ರಾತ್ರಿ ಮೂರು ಸಲ ಏಳುವುದು ತಪ್ಪಲಿಲ್ಲ. ಕೊನೆಗೆ ಮೂರು ದಿನದ ಮೂತ್ರದ ಲೆಕ್ಕ ಬರೆದು ತನ್ನಿ ಎಂದೆ. ಅಳತೆಯ ಮಗ್ಗು ಇಟ್ಟುಕೊಂಡು, ಹಾಜರಿ ಪುಸ್ತಕದ ಹಾಗೆ ಗೆರೆ ಹೊಡೆದು ಬರೆದು ತಂದರು. ರಾತ್ರಿ ಹನ್ನೊಂದೂವರೆಗೆ 400 ಮಿಲಿ, ಎರಡಕ್ಕೆ 380, ನಾಲ್ಕೂವರೆಗೆ 410. ಹಗಲೆಲ್ಲ ಸೇರಿ 900. ಮೂತ್ರದ ದಾರಿ ಕಟ್ಟಿದವರಿಗೆ ಒಂದೊಂದು ಸಲಕ್ಕೆ ಇಷ್ಟು ಬರುವುದು ಅಪರೂಪ. ಪಾದದ ಮೇಲೆ ಹೆಬ್ಬೆರಳು ಒತ್ತಿದೆ, ಗುಳಿ ಹಾಗೇ ನಿಂತಿತು. ಬಿಪಿಗೆಂದು ತೆಗೆದುಕೊಳ್ಳುತ್ತಿದ್ದ ಆಮ್ಲೋಡಿಪಿನ್‌ನಿಂದ ಕಾಲು ಬಾತು, ಹಗಲು ಅಲ್ಲಿ ಇಳಿದ ನೀರು ಮಲಗಿದ ಮೇಲೆ ಮೂತ್ರವಾಗುತ್ತಿತ್ತು. ಬಿಪಿ ಮಾತ್ರೆ ಬದಲಿಸಿದೆವು, ಟ್ಯಾಮ್ಸುಲೋಸಿನ್ ನಿಲ್ಲಿಸಿದೆ. ತಿಂಗಳು ಬಿಟ್ಟು ತಮ್ಮೂರ ಕೆಂಪು ಬಾಳೆಹಣ್ಣು ಹಿಡಿದು ಬಂದರು. ‘ಈಗ ಒಂದೇ ಸಲ ಏಳ್ತೀನ್ರಿ, ಸರ.’ ಮೊದಲ ದಿನವೇ ಆ ಕಾಲು ಮುಟ್ಟಿ ನೋಡಲಿಲ್ಲವಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಇನ್ನೊಂದು ಮಾತು, ಮುಂದೆ ಕುಳಿತ ಕಣ್ಣಿನ ಡಾಕ್ಟರರು ಹೇಳೆಂದು ಒತ್ತಾಯಿಸಿದ್ದು. ಟ್ಯಾಮ್ಸುಲೋಸಿನ್ ತೆಗೆದುಕೊಂಡವರ ಕಣ್ಣಿನ ಐರಿಸ್ ಮೋತಿಬಿಂದು ಆಪರೇಷನ್ನಿನಲ್ಲಿ ಜೋತುಬೀಳಬಹುದೆಂದು 2005ರಿಂದ ಗೊತ್ತಿದೆ. ಶಿಬಿರಕ್ಕೆ ಕಳಿಸುವಾಗ ಚೀಟಿಯಲ್ಲಿ ಮಾತ್ರೆಯ ಹೆಸರು ಬರೆಯಿರಿ.

ಈಗ ಮೊದಲ ಗೋಷ್ಠಿ ಶುರುವಾಗುತ್ತದೆ. ರೋಗಿಗಳ ವಿವರ ಮಂಡಿಸಲಿರುವ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ: ಅವರ ರಾತ್ರಿಯ ಲೆಕ್ಕವನ್ನು ಮೊದಲು ಓದಿ, ಸ್ಕ್ಯಾನ್ ಚಿತ್ರ ಆಮೇಲೆ ತೋರಿಸಿ.