ರಕ್ತರಸಕ್ಕೆ ಬೆಲೆ ಕಟ್ಟಬಹುದೇ?



ಪ್ಲಾಸ್ಮಾ ಎಂಬ ಪದ ನಿಮಗೆ ಹೊಸದಲ್ಲ. 2020ರಲ್ಲಿ ಕೋವಿಡ್‌ನಿಂದ ಗುಣಮುಖರಾದವರ ಪ್ಲಾಸ್ಮಾಕ್ಕಾಗಿ ಜನ ಊರೆಲ್ಲ ಅಲೆದಾಡಿದರು. ನಿರೀಕ್ಷಿಸಿದ ಫಲ ಕಾಣದ ಕಾರಣ 2021ರ ಮೇ ತಿಂಗಳಲ್ಲಿ ಆ ಚಿಕಿತ್ಸೆಯನ್ನು ನಮ್ಮ ದೇಶದಲ್ಲಿ ಕೈಬಿಡಲಾಯಿತು. ಆದರೆ ಪ್ಲಾಸ್ಮಾದ ಅಗತ್ಯ ಅಲ್ಲಿಗೆ ಮುಗಿಯಲಿಲ್ಲ. ಕೆಲವು ದೇಶಗಳಲ್ಲಿ ಪ್ಲಾಸ್ಮಾ ಕೊಟ್ಟವರಿಗೆ ಹಣವೂ ಸಿಗುತ್ತದೆ. ಕೈಖರ್ಚಿಗೆ ಪರದಾಡುವ ವಿದ್ಯಾರ್ಥಿಗಳಿಗೆ ಅದು ಸುಲಭದ ದಾರಿಯಾಗಿ ಕಾಣುತ್ತದೆ. ಈ ದಾರಿಯನ್ನು ಸ್ವಲ್ಪ ಪರಿಶೀಲಿಸೋಣ.

ಮೊದಲಿಗೆ, ಪ್ಲಾಸ್ಮಾ ಎಂದರೇನು? ರಕ್ತದಿಂದ ಕಣಗಳನ್ನೆಲ್ಲ ಬೇರ್ಪಡಿಸಿದರೆ ಉಳಿಯುವ ತಿಳಿಹಳದಿ ದ್ರವವೇ ಪ್ಲಾಸ್ಮಾ, ಅಂದರೆ ರಕ್ತರಸ. ರಕ್ತದಲ್ಲಿ ಇದರ ಪಾಲು ಸುಮಾರು ಶೇಕಡ 55. ಇದರಲ್ಲಿ ಬಹುಪಾಲು ನೀರೇ. ಉಳಿದದ್ದು ಸ್ವಲ್ಪವಾದರೂ ಅದರ ಮಹತ್ವ ದೊಡ್ಡದು. ರೋಗಗಳ ವಿರುದ್ಧ ಹೋರಾಡುವ ಇಮ್ಯುನೊಗ್ಲಾಬ್ಯುಲಿನ್‌ಗಳು, ರಕ್ತನಾಳಗಳಲ್ಲಿ ನೀರಿನಂಶವನ್ನು ಹಿಡಿದಿಡುವ ಆಲ್ಬುಮಿನ್, ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳು, ಎಲ್ಲವೂ ಅದರಲ್ಲಿವೆ. ಹಿಮೋಫಿಲಿಯಾ, ಅಂದರೆ ಕುಸುಮರೋಗ ಇರುವವರಿಗೆ ಬೇಕಾದ ‘ಫ್ಯಾಕ್ಟರ್ 8’ ಎಂಬ ಔಷಧಿಯನ್ನೂ ಪ್ಲಾಸ್ಮಾದಿಂದ ತಯಾರಿಸುತ್ತಾರೆ.

ಇಂಥ ಔಷಧಿಗಳಿಗಾಗಿ ಜಗತ್ತಿನಲ್ಲಿ ಸಂಗ್ರಹವಾಗುವ ಪ್ಲಾಸ್ಮಾದ ಹೆಚ್ಚಿನ ಪಾಲು ಅಮೆರಿಕದ್ದು. ಅಲ್ಲಿನ ಖಾಸಗಿ ಕೇಂದ್ರಗಳಲ್ಲಿ ಯಂತ್ರವೊಂದು ನಿಮ್ಮ ರಕ್ತವನ್ನು ಎಳೆದು, ಪ್ಲಾಸ್ಮಾ ಬೇರ್ಪಡಿಸಿ, ಕೆಂಪುಕಣಗಳನ್ನು ನಿಮ್ಮ ರಕ್ತನಾಳಕ್ಕೇ ಹಿಂದಿರುಗಿಸುತ್ತದೆ. ಒಟ್ಟು ಒಂದು ಗಂಟೆಯ ಆಸುಪಾಸಿನ ಕೆಲಸ. ಹೊಸಬರನ್ನು ಸೆಳೆಯಲು ಮೊದಮೊದಲು ಹೆಚ್ಚು ಹಣ ಕೊಡುವುದು ಅಲ್ಲಿನ ವಾಡಿಕೆ. ನಿಮ್ಮಲ್ಲಿ ಕೆಲವರು ಮುಂದೆ ಅಲ್ಲಿಗೆ ಓದಲು ಹೋಗಬಹುದು. ಆದ್ದರಿಂದ ಈ ಲೆಕ್ಕ ನಿಮಗೆ ಗೊತ್ತಿರಲಿ.

ಅಲ್ಲಿನ ನಿಯಮದಂತೆ ಒಬ್ಬರು ವಾರಕ್ಕೆ ಎರಡು ಸಲ ಪ್ಲಾಸ್ಮಾ ಕೊಡಬಹುದು. ವರ್ಷಕ್ಕೆ 104 ಸಲವಾಯಿತು. ಸಲಕ್ಕೆ 600 ಮಿಲಿಲೀಟರ್ ಎಂದು ಹಿಡಿದರೂ ಒಟ್ಟು 62 ಲೀಟರ್! ವಯಸ್ಕರೊಬ್ಬರ ದೇಹದಲ್ಲಿರುವ ಪ್ಲಾಸ್ಮಾ ಸುಮಾರು 3 ಲೀಟರ್ ಮಾತ್ರ. ಹೋದ ನೀರಿನಂಶ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ, ನಿಜ. ಆದರೆ ಪ್ರೋಟೀನುಗಳು ಅಷ್ಟು ಬೇಗ ತುಂಬುವುದಿಲ್ಲ. ಪದೇಪದೇ ಕೊಡುವವರಲ್ಲಿ ಇಮ್ಯುನೊಗ್ಲಾಬ್ಯುಲಿನ್‌ಗಳ ಮಟ್ಟ ಇಳಿಯುವುದುಂಟು. ತಲೆಸುತ್ತು, ಆಯಾಸ, ತುಟಿಬೆರಳುಗಳಲ್ಲಿ ಜುಮುಜುಮು ಕಾಣಿಸಿಕೊಳ್ಳಬಹುದು. ಅಪರೂಪಕ್ಕೆ ಕೊಡುವವನು ಆಯಾಸವಾದಾಗ “ಈ ವಾರ ಬೇಡ” ಎನ್ನುತ್ತಾನೆ. ಮನೆ ಬಾಡಿಗೆಗೆ ಅದನ್ನೇ ನಂಬಿದವನು ಹಾಗೆನ್ನಬಲ್ಲನೇ? ಇಲ್ಲಿದೆ ಮೊದಲ ತೊಡಕು. ಹಣದ ಒತ್ತಡ ಬಂದಾಗ ನಮ್ಮ ದೇಹದ ಎಚ್ಚರಿಕೆಯನ್ನು ನಾವೇ ಬಚ್ಚಿಡುತ್ತೇವೆ.

ಎರಡನೆಯ ತೊಡಕು ಇನ್ನೊಬ್ಬರಿಗೆ ಸಂಬಂಧಿಸಿದ್ದು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತೇವೆ. ರಕ್ತದ ವಿಷಯದಲ್ಲಿ ಮಾತ್ರ ಹಲ್ಲು ಎಣಿಸಲೇಬೇಕು. ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಅದು ಪರೀಕ್ಷೆಗೆ ಸಿಗದೆ ಹೋಗಬಹುದು. ಆಗ ರೋಗಿಯನ್ನು ಕಾಪಾಡುವುದು ದಾನಿ ಹೇಳುವ ಸತ್ಯವೊಂದೇ. ಸುಳ್ಳು ಹೇಳಿದರೆ ಹಣ, ಸತ್ಯ ಹೇಳಿದರೆ ಬರಿಗೈ ಎಂದಾದರೆ? ಬ್ರಿಟನ್ನಿನ ಸಮಾಜ ಚಿಂತಕ ರಿಚರ್ಡ್ ಟಿಟ್ಮಸ್ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅಪಾಯವನ್ನೇ ಎತ್ತಿ ತೋರಿಸಿದರು.

1980ರ ದಶಕದ ಮೊದಲರ್ಧದಲ್ಲಿ ಪ್ಲಾಸ್ಮಾದ ಔಷಧಿಯಿಂದಲೇ ಹಲವು ದೇಶಗಳ ಕುಸುಮರೋಗಿಗಳಿಗೆ ಎಚ್‌ಐವಿ ತಗುಲಿತು. ಸಾವಿರಾರು ಜನರ ಪ್ಲಾಸ್ಮಾವನ್ನು ಒಟ್ಟಿಗೆ ಬೆರೆಸುತ್ತಿದ್ದುದರಿಂದ ಒಬ್ಬರ ಸೋಂಕು ಎಲ್ಲರದಾಯಿತು. ಚೀನಾದ ಹೆನಾನ್ ಪ್ರಾಂತದಲ್ಲಿ 1990ರ ದಶಕದಲ್ಲಿ ಇನ್ನೂ ದಾರುಣವಾದ ಘಟನೆ ನಡೆಯಿತು. ಬಡ ರೈತರು ಹಣಕ್ಕಾಗಿ ಪ್ಲಾಸ್ಮಾ ಮಾರಿದರು. ಹಲವರ ಕೆಂಪುಕಣಗಳನ್ನು ಒಟ್ಟುಗೂಡಿಸಿ ಮತ್ತೆ ಅವರಿಗೇ ಏರಿಸಲಾಯಿತು. ಊರಿಗೆ ಊರೇ ಎಚ್‌ಐವಿಗೆ ತುತ್ತಾಯಿತು. ಇದನ್ನು ಹೊರಜಗತ್ತಿಗೆ ತಿಳಿಸಲು ವೈದ್ಯೆ ಗಾವೊ ಯಾವೊಜಿಯೆ ಇಳಿವಯಸ್ಸಿನಲ್ಲಿ ಹೋರಾಡಿದರು.

ಇಂದು ಪರೀಕ್ಷೆಗಳು ಸೂಕ್ಷ್ಮವಾಗಿವೆ. ಕಾರ್ಖಾನೆಗಳಲ್ಲಿ ವೈರಾಣುಗಳನ್ನು ನಾಶಮಾಡುವ ವಿಧಾನಗಳಿಂದಾಗಿ ಪ್ಲಾಸ್ಮಾದ ಔಷಧಿಗಳು ಬಹಳ ಸುರಕ್ಷಿತವಾಗಿವೆ. ಹಣ ಪಡೆದು ಕೊಟ್ಟವರ ಪ್ಲಾಸ್ಮಾದಿಂದಲೇ ಎಷ್ಟೋ ಜೀವಗಳು ಉಳಿದಿವೆ ಎಂಬುದನ್ನೂ ಮರೆಯಬಾರದು. ಆದ್ದರಿಂದ ಅವರನ್ನು ಹೀನಾಯವಾಗಿ ಕಾಣುವುದು ಸಲ್ಲದು. ಕೇಳಬೇಕಾದ ಪ್ರಶ್ನೆ ಬೇರೆ: ಔಷಧಿಯೇನೋ ಸುರಕ್ಷಿತವಾಯಿತು, ಕೊಟ್ಟವರ ಕ್ಷೇಮ ಯಾರ ಹೊಣೆ?

ನಮ್ಮ ದೇಶ ಬೇರೆ ದಾರಿ ಹಿಡಿದಿದೆ. ‘ಕಾಮನ್ ಕಾಸ್’ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಜನವರಿ 4ರಂದು ತೀರ್ಪು ನೀಡಿತು. ಅದರಂತೆ 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಕೊಡುವ ಪದ್ಧತಿ ನಿಷಿದ್ಧವಾಯಿತು. ಇಲ್ಲಿ ಯಾರಾದರೂ ನಿಮ್ಮ ರಕ್ತಕ್ಕೋ ಪ್ಲಾಸ್ಮಾಕ್ಕೋ ಹಣ ಕೊಡುತ್ತೇನೆಂದರೆ ಆ ವ್ಯವಹಾರ ಕಾನೂನಿಗೆ ವಿರುದ್ಧವೆಂದು ತಿಳಿಯಿರಿ.

ಹಾಗಾದರೆ ನೀವು ಮಾಡಬಹುದಾದದ್ದೇನು? 18 ವರ್ಷ ತುಂಬಿ, ಕನಿಷ್ಠ 45 ಕಿಲೋ ತೂಕವಿದ್ದು, ಹಿಮೋಗ್ಲೋಬಿನ್ 12.5 ಗ್ರಾಂ ಇದ್ದು, ಆರೋಗ್ಯ ಚೆನ್ನಾಗಿದ್ದರೆ ರಕ್ತದಾನ ಮಾಡಬಹುದು. ಹುಡುಗರು 90 ದಿನಗಳಿಗೊಮ್ಮೆ, ಹುಡುಗಿಯರು 120 ದಿನಗಳಿಗೊಮ್ಮೆ. ರಕ್ತನಿಧಿಯಲ್ಲಿ ಅದನ್ನು ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳಾಗಿ ಬೇರ್ಪಡಿಸಿದರೆ ಒಬ್ಬರ ರಕ್ತ ಹಲವರಿಗೆ ಒದಗುತ್ತದೆ. ಅಲ್ಲಿ ಕೇಳುವ ಪ್ರಶ್ನೆಗಳಿಗೆ ನಾಚದೆ ನಿಜವನ್ನೇ ಹೇಳಿ. “ಈ ಸಲ ಬೇಡ” ಎಂದರೆ ಬೇಸರಪಡದೆ ಹಿಂದಿರುಗಿ. ಶಾಲೆಯಲ್ಲಿರುವವರು ಮನೆಯ ಹಿರಿಯರಿಗೆ ಈ ವಿಷಯ ತಿಳಿಸಿ.

ಇನ್ನು ಶುಲ್ಕಕ್ಕೆ, ಊಟಕ್ಕೆ ಹಣ ಸಾಲದೆ ಕಷ್ಟಪಡುತ್ತಿದ್ದರೆ ಅಧ್ಯಾಪಕರಲ್ಲಿ ಹೇಳಿಕೊಳ್ಳಲು ಸಂಕೋಚಪಡಬೇಡಿ. ವಿದ್ಯಾರ್ಥಿವೇತನಗಳಿವೆ, ಬಿಡುವಿನ ವೇಳೆಯ ಕೆಲಸಗಳಿವೆ. ದುಡಿಮೆಯಲ್ಲಿ ದಣಿದಾಗ ದಣಿವಾಯಿತು ಎನ್ನಬಹುದು. ಸೂಜಿಯ ಮುಂದೆಯೂ ಹಾಗೆ ಹೇಳುವ ಸ್ವಾತಂತ್ರ್ಯ ನಿಮಗಿರಲಿ.