ನಮ್ಮ ಮಕ್ಕಳು ಓದುತ್ತಿದ್ದಾರೆಯೇ?

(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನನ್ನು ಭಯಪಡಿರಿ. ಅವನು ನಮ್ಮ ಕೈಗೆ ಒಪ್ಪಿಸಿದ ಅಮಾನತ್‌ಗಳ ವಿಷಯದಲ್ಲಿ ಎಚ್ಚರದಿಂದಿರಿ. ಅಂಥ ಒಂದು ಅಮಾನತ್‌ನ ಬಗ್ಗೆ ಇಂದು ಮಾತನಾಡುತ್ತೇನೆ. ಆರು, ಏಳು, ಎಂಟನೆಯ ತರಗತಿಗಳಲ್ಲಿರುವ ನಮ್ಮ ಮಕ್ಕಳ ಓದಿನ ಬಗ್ಗೆ.

ಕಳೆದ ತಿಂಗಳು ಕನ್ನಡ ಶಿಕ್ಷಕಿಯೊಬ್ಬರು ನನಗೊಂದು ಸಂಗತಿ ಹೇಳಿದರು. ನಮ್ಮ ಜಮಾಅತ್‌ನ ಹುಡುಗ, ಏಳನೆಯ ತರಗತಿ. ಪಾಠ ಓದಲು ಹೇಳಿದರೆ ಎಲ್ಲೂ ತಡವರಿಸುವುದಿಲ್ಲ. ಒತ್ತಕ್ಷರವೂ ತಪ್ಪುವುದಿಲ್ಲ. ಓದಿ ಮುಗಿಸಿದ ಮೇಲೆ "ಆ ಅಜ್ಜಿ ಯಾಕೆ ಅತ್ತಳು?" ಎಂದು ಕೇಳಿದರೆ ಮಾತ್ರ, ಅಜ್ಜಿ ಅತ್ತ ಸಾಲಿನ ಮೇಲೆ ಬೆರಳಿಟ್ಟು ಅದನ್ನೇ ಮತ್ತೊಮ್ಮೆ ಓದುತ್ತಾನೆ. ಶಿಕ್ಷಕಿ ದೂರು ಹೇಳಲು ಬಂದವರಲ್ಲ. "ಹುಡುಗ ಬುದ್ಧಿವಂತ, ಉಸ್ತಾದರೇ. ಆದರೆ ಓದುವುದೆಂದರೆ ಗಟ್ಟಿಯಾಗಿ ಹೇಳುವುದು ಎಂದು ತಿಳಿದಿದ್ದಾನೆ" ಎಂದರು.

ಆ ತಿಳಿವಳಿಕೆ ಅವನಿಗೆ ಎಲ್ಲಿಂದ ಬಂತು? ಸ್ವಲ್ಪ ಮಟ್ಟಿಗೆ ನನ್ನಂಥವರಿಂದಲೇ. ಬೆಳಿಗ್ಗೆ ಮದ್ರಸದಲ್ಲಿ ನಾವು ಅಕ್ಷರ ಕಲಿಸುತ್ತೇವೆ, ತಜ್ವೀದ್ ಕಲಿಸುತ್ತೇವೆ, ತಪ್ಪಿದರೆ ತಿದ್ದುತ್ತೇವೆ. ಕುರ್‌ಆನ್ ಪಾರಾಯಣದ ಒಂದೊಂದು ಅಕ್ಷರಕ್ಕೂ ಹತ್ತು ಪಟ್ಟು ಪುಣ್ಯವಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದನ್ನು ಯಾರೂ ಕಡೆಗಣಿಸಬಾರದು. ಆದರೆ ಚಿಂತಿಸಿರಿ ಎಂದು ಮತ್ತೆ ಮತ್ತೆ ಹೇಳುವುದೂ ಅದೇ ಕುರ್‌ಆನ್. ಆ ಅರ್ಧವನ್ನು ನಾವು ಮಕ್ಕಳಿಗೆ ಕೊಡಲಿಲ್ಲ. ಇದೇ ಅಭ್ಯಾಸ ಹೊತ್ತು ಮಗು ಶಾಲೆಗೆ ಹೋದರೆ ಅಲ್ಲಿ ಗೈಡ್ ಕಾದಿರುತ್ತದೆ. ಉತ್ತರ ಗೈಡ್‌ನಿಂದ ನೋಟ್ಸಿಗೆ, ನೋಟ್ಸಿನಿಂದ ಪರೀಕ್ಷೆಗೆ ಹೋಗುತ್ತದೆ. ಮಗುವಿನ ಮನಸ್ಸಿಗೆ ಕಥೆ ಇಳಿಯುವುದೇ ಇಲ್ಲ.

ಮನೆಮಾತಿನ ವಿಷಯವೂ ಇದೆ. ನಮ್ಮ ಮನೆಗಳಲ್ಲಿ ಬ್ಯಾರಿ, ಕೆಲವರಲ್ಲಿ ಉರ್ದು. ಬ್ಯಾರಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇವಾದ್ದರಿಂದ ಮಗುವಿಗೆ ಅಕ್ಷರ ಬೇಗ ಬರುತ್ತದೆ. ಆದರೆ 'ಹಂಬಲ', 'ಅಳುಕು', 'ಮುನಿಸು' ಎಂಬ ಮಾತುಗಳು ಮನೆಯಲ್ಲಿ ಅದರ ಕಿವಿಗೆ ಬಿದ್ದೇ ಇರುವುದಿಲ್ಲ. ಸಣ್ಣ ತರಗತಿಯಲ್ಲಿ ಚಿತ್ರ ನೋಡಿ ದಾಟಬಹುದು. ಆರನೆಯ ತರಗತಿಯ ಹೊತ್ತಿಗೆ ಪಾಠಗಳು ಉದ್ದವಾಗುತ್ತವೆ, ಲೇಖಕ ಹೇಳದೆ ಬಿಟ್ಟದ್ದು ಹೆಚ್ಚಾಗುತ್ತದೆ. ಮುಂದೆ ವಿಜ್ಞಾನ, ಸಮಾಜ ಯಾವುದನ್ನು ಕಲಿಯಬೇಕಾದರೂ ಈ ಓದೇ ಬೇಕು.

ಹೇಳದೆ ಬಿಟ್ಟದ್ದನ್ನು ಓದುವುದು ಹೇಗೆ? ಯೂಸುಫ್(ಅ)ರ ವೃತ್ತಾಂತವನ್ನೇ ನೋಡಿ. ಅದರಲ್ಲಿ ಅಂಗಿ ಮೂರು ಬಾರಿ ಬರುತ್ತದೆ. ಮೊದಲು, ಸಹೋದರರು ಸುಳ್ಳು ರಕ್ತ ಹಚ್ಚಿದ ಅಂಗಿಯನ್ನು ತಂದೆಯ ಮುಂದಿಡುತ್ತಾರೆ. ಯಾಕೂಬ್(ಅ) ನಂಬುವುದಿಲ್ಲ. ಯಾಕೆ? ಮದ್ರಸದ ಮಕ್ಕಳಿಗೆ ನಾನು ಈ ಪ್ರಶ್ನೆ ಕೇಳಿ ಸುಮ್ಮನೆ ಕುಳಿತೆ. ಬಹಳ ಹೊತ್ತಿನ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ತೋಳ ತಿಂದಿದ್ದರೆ ಅಂಗಿ ಹರಿಯಬೇಕಿತ್ತಲ್ಲ ಉಸ್ತಾದ್?" ಎಂದಳು. ದೊಡ್ಡ ದೊಡ್ಡ ತಫ್ಸೀರ್‌ಗಳಲ್ಲಿ ಬಂದಿರುವ ಮಾತು ಅದು! ಅವಳು ತಫ್ಸೀರ್ ನೋಡಿದವಳಲ್ಲ, ಅಂಗಿಯನ್ನು ಮನಸ್ಸಿನಲ್ಲಿ ಕಂಡಿದ್ದಳು. ಎರಡನೆಯ ಬಾರಿ, ಈಜಿಪ್ಟಿನ ಆ ಮನೆಯಲ್ಲಿ ಅಂಗಿ ಹಿಂದಿನಿಂದ ಹರಿದಿದೆ. ಯಾರು ಓಡಿದರು, ಯಾರು ಎಳೆದರು ಎಂಬುದಕ್ಕೆ ಆ ಹರಿದ ಭಾಗವೇ ಸಾಕ್ಷಿ. ಮೂರನೆಯ ಬಾರಿ ಅದು ಅತ್ತು ಕಣ್ಣು ಕಳಕೊಂಡ ತಂದೆಯ ಮುಖದ ಮೇಲೆ ಬೀಳುತ್ತದೆ, ದೃಷ್ಟಿ ಮರಳುತ್ತದೆ. ಮೂರೂ ಅಂಗಿಗಳನ್ನು ಒಟ್ಟಿಗೆ ಇಟ್ಟು ನೋಡಬಲ್ಲ ಮಗುವಿಗೆ ಅಜ್ಜಿ ಯಾಕೆ ಅತ್ತಳೆಂದು ಗೈಡ್ ಹೇಳಬೇಕಾಗಿಲ್ಲ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಮಗಳ ಕೈಯಿಂದ ಕಥೆ ಪುಸ್ತಕ ಕಿತ್ತು, "ಪಾಠ ಓದು, ಇದರಿಂದ ಏನು ಪ್ರಯೋಜನ?" ಎಂದು ಗದರಿದ್ದೆ. ಈಗ ಅವಳ ಕೈಯಲ್ಲಿ ಮೊಬೈಲ್ ಇದೆ. ಅದನ್ನು ಕಿತ್ತುಕೊಳ್ಳುವ ಧೈರ್ಯ ನನಗಿಲ್ಲ. ಮನೆಮಾತು ಉರ್ದುವಾಗಿದ್ದ ಬಾನು ಮುಷ್ತಾಕರ ಕನ್ನಡ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮಲ್ಲಿ ಅನೇಕರು ಅಭಿನಂದನೆಯ ಸಂದೇಶ ಫಾರ್ವರ್ಡ್ ಮಾಡಿದೆವು. ಅವರ ಒಂದಾದರೂ ಕಥೆ ಓದಿದವರು ಈ ಸಫ್‌ಗಳಲ್ಲಿ ಎಷ್ಟು ಮಂದಿ ಇದ್ದೇವೆ?

ಪ್ರವಾದಿವರ್ಯರು(ಸ) ಮದೀನಕ್ಕೆ ಬಂದಾಗ ಝೈದ್ ಬಿನ್ ಸಾಬಿತ್(ರ) 11 ವರ್ಷದ ಬಾಲಕ. ನಮ್ಮ ಆರನೆಯ ತರಗತಿಯ ಮಕ್ಕಳ ಪ್ರಾಯ. ಮುಂದೆ ಪ್ರವಾದಿವರ್ಯರ(ಸ) ಆದೇಶದಂತೆ ಯಹೂದಿಯರ ಬರಹವನ್ನು ಅರ್ಧ ತಿಂಗಳಲ್ಲಿ ಕಲಿತರೆಂದು ವರದಿಯಾಗಿದೆ. ಬಂದ ಪತ್ರಗಳನ್ನು ಓದಿ ಅರ್ಥ ಹೇಳುವ ಹೊಣೆ ಅವರದು. ಬರೀ ಉಚ್ಚರಿಸಿದ್ದರೆ ಆ ಕೆಲಸ ನಡೆಯುತ್ತಿತ್ತೇ? ಅಬೂಬಕ್ಕರ್(ರ)ರ ಕಾಲದಲ್ಲಿ ಕುರ್‌ಆನನ್ನು ಒಟ್ಟುಗೂಡಿಸುವ ಹೊಣೆಯೂ ಅವರ ಹೆಗಲಿಗೇ ಬಂತು.

ನಾವೇನು ಮಾಡಬೇಕು? ಇಶಾ ನಮಾಝ್ ಬಳಿಕ 15 ನಿಮಿಷ ಸಾಕು. ಮಗು ಒಂದು ಪುಟ ಓದಲಿ, ನಂತರ ಅದನ್ನು ಮನೆಮಾತಿನಲ್ಲಿ ಹೇಳಲಿ. ಓದು ಬಾರದ ಉಮ್ಮಂದಿರು ನಮ್ಮಿಂದ ಇದಾಗದು ಎಂದುಕೊಳ್ಳಬೇಡಿ. ಈ ಕೆಲಸಕ್ಕೆ ನಿಮಗಿಂತ ಉತ್ತಮರಿಲ್ಲ. ನಿಮಗೆ ಅರ್ಥವಾಗುವಂತೆ ಹೇಳಬೇಕಾದರೆ ಮೊದಲು ಅದಕ್ಕೆ ಅರ್ಥವಾಗಬೇಕಲ್ಲ! "ಮತ್ತೆ ಏನಾಯಿತು?" ಎಂದು ಕೇಳಿ, "ಯಾಕೆ ಹಾಗೆ ಮಾಡಿದ?" ಎಂದೂ ಕೇಳಿ. ಉತ್ತರ ತಪ್ಪಿದರೆ ಗದರಬೇಡಿ, ಪುಟ ತಿರುವಿ ಒಟ್ಟಿಗೆ ಹುಡುಕಿ. ಪುಸ್ತಕಕ್ಕೆ ಹಣವಿಲ್ಲವೆನ್ನುವಂತಿಲ್ಲ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತ್ ಗ್ರಂಥಾಲಯದ ಸದಸ್ಯತ್ವ ಉಚಿತವಾಗಿದೆ.

ಕಮಿಟಿಯವರೊಂದಿಗೆ ಮಾತನಾಡಿದ್ದೇನೆ. ಮದ್ರಸದ ಮಹಡಿಯ ಒಂದು ಕೋಣೆಯಲ್ಲಿ ಕಪಾಟು ಇಡಲಾಗುತ್ತದೆ. ಶನಿವಾರ ಅಸರ್ ಬಳಿಕ ಒಂದು ಗಂಟೆ ಮಕ್ಕಳು ಅಲ್ಲಿ ಕಥೆ ಓದುತ್ತಾರೆ, ಹುಡುಗಿಯರೂ ಬರಬೇಕು. ಆ ಶಿಕ್ಷಕಿ ತಿಂಗಳಿಗೊಮ್ಮೆ ಬರಲು ಒಪ್ಪಿದ್ದಾರೆ. ಮನೆಯಲ್ಲಿ ಓದಿ ಇಟ್ಟ ಮಕ್ಕಳ ಪುಸ್ತಕವಿದ್ದರೆ ತಂದುಕೊಡಿ. ಕುಳಿತು ಕೇಳಲು ಹಿರಿಯರೂ ಬೇಕು. ಬಿಡುವಿರುವವರು ನಮಾಝ್ ಮುಗಿದ ಮೇಲೆ ನನ್ನ ಬಳಿ ಹೆಸರು ಕೊಟ್ಟು ಹೋಗಿ.