ವಲಸಿಗನ ಮನೆ ಮತ್ತು ಸಾರ್ವಜನಿಕ ಟಿ.ವಿ.

(ಅಮೇರಿಕದಲ್ಲಿ ನೆಲೆಸಿರುವ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಲೇಖನ ರೂಪ)



ಖಾಸಗಿ ವಾಹಿನಿಗೆ ಜಾಹೀರಾತುದಾರನೇ ನಿಜವಾದ ಗಿರಾಕಿ. ಪ್ರೇಕ್ಷಕನ ಗಮನವು ಅಲ್ಲಿ ಮಾರಾಟದ ಸರಕು. ಕೊಳ್ಳುವ ಶಕ್ತಿಯಿಲ್ಲದ ಬಡವನಿಗೂ ಹೊಸದಾಗಿ ಬಂದ ವಲಸಿಗನಿಗೂ ಆ ಸಂತೆಯಲ್ಲಿ ಬೆಲೆಯಿಲ್ಲ. ಈ ದೇಶದ ಸಾರ್ವಜನಿಕ ಶೈಕ್ಷಣಿಕ ಟಿ.ವಿ.ಯನ್ನು, ಅಂದರೆ ಪಿ.ಬಿ.ಎಸ್. ಅನ್ನು, ನಾನು ಬೆಂಬಲಿಸುವುದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಭಾಷೆ. 1972ರಲ್ಲಿ ಬೋಸ್ಟನ್ನಿನ ಸಾರ್ವಜನಿಕ ಕೇಂದ್ರವು ಕಿವುಡರಿಗಾಗಿ ಜೂಲಿಯಾ ಚೈಲ್ಡ್‌ರ ಅಡುಗೆ ಕಾರ್ಯಕ್ರಮಕ್ಕೆ ಅಕ್ಷರ ಶೀರ್ಷಿಕೆಗಳನ್ನು ಅಳವಡಿಸಿತು. ಕಿವುಡರಿಗೆಂದು ಆರಂಭವಾದ ಆ ಸೇವೆಯು ಇಲ್ಲಿನ ಉಚ್ಚಾರಣೆ ಅರ್ಥವಾಗದ ವಲಸಿಗರಿಗೂ ಆಸರೆಯಾಗಿದೆ. ಕಿವಿ ಸೋತಲ್ಲಿ ಕಣ್ಣು ಕಲಿಯುತ್ತದೆ.

ಎರಡನೆಯದು ಘನತೆ. 1969ರ ನವೆಂಬರ್ 10ರಂದು ಆರಂಭವಾದ ‘ಸೆಸಮಿ ಸ್ಟ್ರೀಟ್’, ಬಡ ಮಕ್ಕಳನ್ನು ಶಾಲೆಗೆ ಅಣಿಗೊಳಿಸುವ ಉದ್ದೇಶದಿಂದ ಹುಟ್ಟಿದ್ದು. ಅದರಲ್ಲಿ ಮರಿಯಾ ಮತ್ತು ಲೂಯಿಸ್ ಎಂಬ ಸ್ಪ್ಯಾನಿಷ್ ಮಾತನಾಡುವ ದಂಪತಿ ದುರಸ್ತಿ ಅಂಗಡಿ ನಡೆಸುತ್ತಿದ್ದರು. ಅವರನ್ನು ಸಮಸ್ಯೆಯೆಂದಾಗಲಿ ನಗೆಪಾಟಲಿನ ಪಾತ್ರಗಳೆಂದಾಗಲಿ ತೋರಿಸಲಿಲ್ಲ. ದುಡಿದು ಬದುಕುವ ನೆರೆಹೊರೆಯವರೆಂದು ತೋರಿಸಲಾಯಿತು. ಪರದೇಶದಲ್ಲಿ ಬೆಳೆಯುವ ಮಗುವಿಗೆ ಇದಕ್ಕಿಂತ ದೊಡ್ಡ ಪಾಠ ಯಾವುದಿದೆ?

ಮೂರನೆಯದು ಸತ್ಯ. 1983ರಿಂದ ಪ್ರಸಾರವಾಗುತ್ತಿರುವ ‘ಫ್ರಂಟ್‌ಲೈನ್’, 2008ರಲ್ಲಿ ಇರಾಕ್ ಯುದ್ಧದ ಒಳಸುಳಿಗಳನ್ನು ಬಿಚ್ಚಿಡುವ ‘ಬುಷ್ಸ್ ವಾರ್’ ಎಂಬ ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. ಆಗ ಬುಷ್ ಅವರೇ ಅಧ್ಯಕ್ಷರಾಗಿದ್ದರು! ಸರಕಾರದ ಹಣ ಪಡೆದವರು ಸರಕಾರದ ತುತ್ತೂರಿ ಊದಲೇಬೇಕು ಎಂಬ ವಾದಕ್ಕೆ ಇದೇ ಉತ್ತರ. 1967ರ ಸಾರ್ವಜನಿಕ ಪ್ರಸಾರ ಕಾಯಿದೆಯು ಹಣ ಹಂಚುವ ಹೊಣೆಯನ್ನು ಸರಕಾರಿ ಇಲಾಖೆಗೆ ವಹಿಸದೆ, ಲಾಭರಹಿತ ನಿಗಮವೊಂದಕ್ಕೆ ವಹಿಸಿದ್ದು ಈ ಸ್ವಾತಂತ್ರ್ಯವನ್ನು ಕಾಪಾಡುವ ಸಲುವಾಗಿಯೇ.

ಆದರೆ ಆ ಆಸರೆ ಈಗ ಕುಸಿದಿದೆ. 2025ರ ಜುಲೈಯಲ್ಲಿ ಅಮೇರಿಕದ ಸಂಸತ್ತು ಎರಡು ವರ್ಷಗಳಿಗೆ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರುಗಳನ್ನು ಹಿಂಪಡೆಯಿತು. ಮರುತಿಂಗಳೇ ಆ ನಿಗಮವು ತನ್ನ ಕಾರ್ಯವನ್ನು ಮುಗಿಸುವುದಾಗಿ ಘೋಷಿಸಿತು. ದೊಡ್ಡ ನಗರಗಳ ಕೇಂದ್ರಗಳಿಗೆ ಸಿರಿವಂತ ದಾನಿಗಳಿದ್ದಾರೆ. ಹೆಚ್ಚಿನ ಪೆಟ್ಟು ಬೀಳುವುದು ಅನುದಾನವನ್ನೇ ನೆಚ್ಚಿಕೊಂಡಿದ್ದ ಗ್ರಾಮೀಣ ಕೇಂದ್ರಗಳ ಮೇಲೆ.

ಇಲ್ಲಿ ನಮ್ಮ ಹೊಣೆ ಆರಂಭವಾಗುತ್ತದೆ. ನಮ್ಮ ಸಂಘಗಳಿಗೆ, ಊರಿನ ಕಾರ್ಯಗಳಿಗೆ ಉದಾರವಾಗಿ ಕೊಡುವ ನಾವು, ಸ್ಥಳೀಯ ಕೇಂದ್ರವು ದೇಣಿಗೆ ಕೇಳಿದಾಗ ‘ಅದು ಅವರ ಟಿ.ವಿ.’ ಎಂದು ಸುಮ್ಮನಾಗುತ್ತೇವೆ. ನಮ್ಮ ಮಕ್ಕಳು ಅಕ್ಷರ ಕಲಿತದ್ದು ಅಲ್ಲಿ. ಈ ದೇಶವನ್ನು ನಾವು ಅರಿತದ್ದು ಅಲ್ಲಿ. ಮತ್ತೆ ಅದು ‘ಅವರದು’ ಹೇಗಾಯಿತು? ಉಂಡ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ಅತಿಥಿಯ ಔದಾರ್ಯವಲ್ಲ, ಮನೆಯವನ ಕರ್ತವ್ಯ. ತಿಂಗಳಿಗೆ ಐದು ಡಾಲರ್ ಕೊಡುವವನು ಈ ನಾಡಿನಲ್ಲಿ ತಾನು ಅತಿಥಿಯಲ್ಲವೆಂದು ಸಾರುತ್ತಾನೆ.